ಪವರ್ ಮೊದಲೋ, ಝೋನ್ ಮೊದಲೋ? ಎರಡನ್ನೂ ಆಡಿಸಿ ನೋಡಿದ ಮೇಲೆ

ಡಾಲಸ್ ಹತ್ತಿರ ಒಂದು ಮಕ್ಕಳ ಅಮೆರಿಕನ್ ಫುಟ್‌ಬಾಲ್ ತಂಡದಲ್ಲಿ ಆಫೆನ್ಸಿವ್ ಲೈನ್ ನೋಡಿಕೊಳ್ಳುವುದು ನನ್ನ ಕೆಲಸ. ಅಂದರೆ ಚೆಂಡು ಹಿಡಿದು ಓಡುವವನಿಗೆ ಮುಂದೆ ನಿಂತು ದಾರಿ ಮಾಡಿಕೊಡುವ ಸಾಲು. ಆ ದಾರಿ ಮಾಡುವ ಎರಡು ರೀತಿಗಳೇ ಪವರ್ ಮತ್ತು ಝೋನ್. ಹನ್ನೆರಡು, ಹದಿಮೂರು ವಯಸ್ಸಿನ ಹುಡುಗರು. ಒಂದು ಸೀಸನ್ ಪವರ್ ಅನ್ನು, ಮುಂದಿನ ಸೀಸನ್ ಇನ್‌ಸೈಡ್ ಝೋನ್ (ಲೈನ್‌ನ ನಡುವಿನಿಂದ ನುಗ್ಗುವ ಝೋನ್) ಅನ್ನು ಮುಖ್ಯ ಓಟವಾಗಿ ಇಟ್ಟುಕೊಂಡೆವು. ಟಿವಿಯಲ್ಲಿ ನೋಡುವಾಗ ಕಣ್ಣು ಚೆಂಡಿನ ಹಿಂದೆಯೇ ಹೋಗುತ್ತದೆ, ಅಲ್ವಾ? ಆದರೆ ಓಟ ಎಷ್ಟು ಯಾರ್ಡ್ ಹೋಗುತ್ತದೆ ಅನ್ನುವುದು ನಡುವಿನ ಸೆಂಟರ್, ಅವನ ಅಕ್ಕಪಕ್ಕದ ಇಬ್ಬರು ಗಾರ್ಡ್, ಅವರಾಚೆಯ ಇಬ್ಬರು ಟ್ಯಾಕಲ್, ಈ ಐವರ ಮೇಲೆ ನಿಂತಿದೆ.

ಪವರ್‌ನಲ್ಲಿ ಪ್ರತಿಯೊಬ್ಬನಿಗೂ ಒಂದೊಂದು ಖಚಿತ ಕೆಲಸ. ಓಟ ಬಲಕ್ಕಾದರೆ ಬಲಗಡೆಯವರು ಒಳಮುಖವಾಗಿ ತಿರುಗಿ ಎದುರಾಳಿಯನ್ನು ಪಕ್ಕದಿಂದ ತಳ್ಳುತ್ತಾರೆ. ಓಟಗಾರನ ಮುಂದೆ ಓಡಿ ದಾರಿ ಬಿಡಿಸುವ ಫುಲ್‌ಬ್ಯಾಕ್, ಎದುರಾಳಿ ಸಾಲಿನ ಕೊನೆಯ ಡಿಫೆಂಡರನ್ನು ಆಚೆ ನೂಕುತ್ತಾನೆ. ಎಡ ಗಾರ್ಡ್ ಲೈನ್ ಹಿಂದಿನಿಂದ ಸುತ್ತಿ ಬಂದು, ತೆರೆದ ಜಾಗದಲ್ಲಿ ನುಗ್ಗಿ, ಎದುರಾಳಿ ಸಾಲಿನ ಹಿಂದೆ ನಿಂತಿರುವ ಲೈನ್‌ಬ್ಯಾಕರನ್ನು ತಡೆಯುತ್ತಾನೆ. ಇದರಲ್ಲಿ ನನಗೆ ತುಂಬಾ ಇಷ್ಟವಾದದ್ದು ಆ ಕೋನ. ನಮ್ಮ ಲೈನ್‌ನಲ್ಲಿ ಸಣ್ಣ ಹುಡುಗರೇ ಜಾಸ್ತಿ. ನೇರ ಎದುರು ನಿಂತರೆ ಅಲುಗಾಡದ ಎದುರಾಳಿಯನ್ನು ಅವರು ಪಕ್ಕದಿಂದ ಸಲೀಸಾಗಿ ಸರಿಸಿದರು. ಸುತ್ತಿ ಬರುವ ಗಾರ್ಡ್‌ಗಳಂತೂ ಆ ಕೆಲಸಕ್ಕಾಗಿ ಕಾಯುತ್ತಿದ್ದರು!

ತೊಂದರೆ ಇಲ್ಲವೇ? ಇದೆ. ಗಾರ್ಡ್ ಬಿಟ್ಟುಹೋದ ಜಾಗವನ್ನು ಸೆಂಟರ್ ತಕ್ಷಣ ಮುಚ್ಚದಿದ್ದರೆ ಅಲ್ಲಿಂದ ಒಬ್ಬ ನುಗ್ಗಿ ಓಟಗಾರನನ್ನು ಹಿಂದೆಯೇ ಹಿಡಿಯುತ್ತಾನೆ. ಚುರುಕು ಲೈನ್‌ಬ್ಯಾಕರ್‌ಗಳು ಗಾರ್ಡ್ ಹೋದ ದಿಕ್ಕನ್ನು ನೋಡಿಯೇ ಓಡಿ ಬರುತ್ತಾರೆ. ಅದಕ್ಕೆ ಮದ್ದು ಕೌಂಟರ್: ಓಟಗಾರ ಮೊದಲು ಒಂದು ಹೆಜ್ಜೆ ತಪ್ಪು ದಿಕ್ಕಿಗೆ ಇಟ್ಟು ತಿರುಗುತ್ತಾನೆ, ಗಾರ್ಡ್ ಮತ್ತು ಟ್ಯಾಕಲ್ ಇಬ್ಬರೂ ಸುತ್ತಿ ಬರುತ್ತಾರೆ. ಕೋಚ್ ಜೋ ಗಿಬ್ಸ್ ಅವರ ವಾಷಿಂಗ್ಟನ್ ತಂಡಕ್ಕೆ 1980ರ ದಶಕದಲ್ಲಿ ಹೆಸರು ತಂದ ಓಟ ಇದು. 1988ರ ಜನವರಿಯ ಸೂಪರ್ ಬೌಲ್‌ನಲ್ಲಿ (ವೃತ್ತಿಪರ ಲೀಗ್‌ನ ಫೈನಲ್) ಓಟಗಾರ ಟಿಮ್ಮಿ ಸ್ಮಿತ್ ಆ ತಂಡದ ಲೈನ್ ಹಿಂದೆ 204 ಯಾರ್ಡ್ ಓಡಿದರು.

ಝೋನ್‌ನಲ್ಲಿ ಯಾರೂ ಸುತ್ತಿ ಬರುವುದಿಲ್ಲ. ಐವರೂ ಒಂದೇ ದಿಕ್ಕಿಗೆ ಒಟ್ಟಿಗೆ ಹೆಜ್ಜೆ ಇಡುತ್ತಾರೆ. ನನ್ನ ಮುಂದೆ ಯಾರಾದರೂ ಇದ್ದರೆ ಅವನು ನನ್ನವನು. ಇಲ್ಲದಿದ್ದರೆ ಪಕ್ಕದವನ ಜೊತೆ ಸೇರಿ ತಳ್ಳಿ, ಆಮೇಲೆ ಲೈನ್‌ಬ್ಯಾಕರ್ ಕಡೆ ಹೋಗಬೇಕು. ಯಾವ ಸಂದಿಯಲ್ಲಿ ನುಗ್ಗಬೇಕು ಅನ್ನುವುದನ್ನು ಓಟಗಾರನೇ ನೋಡಿ ತೀರ್ಮಾನಿಸುತ್ತಾನೆ. ಇದರ ಅಣ್ಣನಂಥ ಔಟ್‌ಸೈಡ್ ಝೋನ್ ಅನ್ನು, ಅಂದರೆ ಅಂಚಿನ ಕಡೆ ಸಾಗುವ ಝೋನ್ ಅನ್ನು, ಡೆನ್ವರ್ ತಂಡದಲ್ಲಿ ಲೈನ್ ಕೋಚ್ ಅಲೆಕ್ಸ್ ಗಿಬ್ಸ್ ಬೆಳೆಸಿದರು. ಹೊಸ ಆಟಗಾರರನ್ನು ಆರಿಸುವ ಡ್ರಾಫ್ಟ್‌ನ ಆರನೇ ಸುತ್ತಿನಲ್ಲಷ್ಟೇ ಆಯ್ಕೆಯಾಗಿದ್ದ ಅಲ್ಲಿನ ಓಟಗಾರ ಟೆರೆಲ್ ಡೇವಿಸ್ 1998ರಲ್ಲಿ 2,008 ಯಾರ್ಡ್ ಓಡಿದರು. ಆ ಲೈನ್‌ನವರು ಎದುರಾಳಿಯ ಕಾಲಿಗೆ ಮೈ ಎಸೆದು ಉರುಳಿಸುತ್ತಿದ್ದರು. ಮಕ್ಕಳಿಗೆ ನಾವು ಅದನ್ನು ಕಲಿಸುವುದಿಲ್ಲ.

ಬೋರ್ಡ್ ಮೇಲೆ ಝೋನ್ ಬಲು ಸುಲಭ. ಮೈದಾನದಲ್ಲಿ ಕಷ್ಟ ಇರುವುದು ಜೋಡಿ ಬ್ಲಾಕ್ (ಇಬ್ಬರು ಸೇರಿ ಒಬ್ಬನನ್ನು ತಳ್ಳುವುದು) ಬಿಡುವ ಗಳಿಗೆಯಲ್ಲಿ. ಬೇಗ ಬಿಟ್ಟರೆ ಎದುರಿಗಿದ್ದವನು ನುಗ್ಗುತ್ತಾನೆ, ತಡವಾದರೆ ಲೈನ್‌ಬ್ಯಾಕರ್ ಬಂದೇ ಬಿಡುತ್ತಾನೆ. ಈ ಅಂದಾಜು ಬರಲು ಅಕ್ಕಪಕ್ಕದ ಇಬ್ಬರೂ ಬಹಳ ಕಾಲ ಜೊತೆಗೆ ಆಡಿರಬೇಕು. ಓಟಗಾರನಿಗೂ ತಾಳ್ಮೆ ಬೇಕು. ಈ ವಯಸ್ಸಿನವರು ಚೆಂಡು ಸಿಕ್ಕ ಕೂಡಲೇ ಅಂಚಿಗೆ ಓಡುತ್ತಾರೆ, ಒಳಗೆ ತೆರೆದ ಸಂದಿ ಹಾಗೇ ಉಳಿಯುತ್ತದೆ. ಆದರೆ ಡಿಫೆನ್ಸ್ ಕೊನೇ ಕ್ಷಣದಲ್ಲಿ ಜಾಗ ಬದಲಿಸಿದಾಗ, ಓರೆಯಾಗಿ ನುಗ್ಗಿದಾಗ ಝೋನ್‌ನ ಬೆಲೆ ಗೊತ್ತಾಯಿತು. ಪವರ್‌ನಲ್ಲಿ ಹುಡುಗರು ಗಲಿಬಿಲಿಯಾಗಿ 'ನನ್ನವನು ಯಾರು?' ಅಂತ ನನ್ನ ಕಡೆ ನೋಡುತ್ತಿದ್ದರು. ಝೋನ್‌ನಲ್ಲಿ ತಮ್ಮ ಜಾಗಕ್ಕೆ ಬಂದವನನ್ನು ತಡೆದರು.

ವಾರಕ್ಕೆ ಎರಡೇ ಸಂಜೆ ಅಭ್ಯಾಸ, ಲೈನ್‌ನಲ್ಲಿ ಹೊಸಬರು ಅಂದರೆ ನನ್ನ ಆಯ್ಕೆ ಪವರ್, ಜೊತೆಗೆ ಕೌಂಟರ್. ಹುಡುಗರ ತೂಕ ನೋಡಿ ಸ್ಕೀಮ್ ಆರಿಸುವವರು ಬಹಳ. ನಾನು ಮೊದಲು ಕೇಳುವುದು ಅವರು ಎಷ್ಟು ಕಾಲ ಜೊತೆಗೆ ಆಡಿದ್ದಾರೆ ಅಂತ. ಬರುವ ಸೀಸನ್‌ಗೆ ನಮ್ಮ ಗಾರ್ಡ್, ಟ್ಯಾಕಲ್ ಎಲ್ಲ ಹಳಬರೇ, ಸೆಂಟರ್ ಮಾತ್ರ ಹೊಸಬ. ಝೋನ್‌ನ ಜೋಡಿ ಬ್ಲಾಕ್‌ಗಳಲ್ಲಿ ಎರಡೂ ಕಡೆಯ ಗಾರ್ಡ್‌ಗೆ ಜೊತೆಯಾಗಬೇಕಾದವನು ಅವನೇ. ಅದಕ್ಕೇ ಪವರ್‌ನಿಂದ ಶುರು ಮಾಡಿ, ಅವನ ಹೆಜ್ಜೆ ಗಾರ್ಡ್‌ಗಳ ಜೊತೆ ಕೂಡಿದ ಮೇಲೆ ಝೋನ್ ಸೇರಿಸುತ್ತೇವೆ.