ಹೂಳೆತ್ತುವ ತಂಡಕ್ಕೆ ನಾಲ್ಕು ಸ್ಟಾರ್

ಚಿತ್ರದುರ್ಗದ ನಮ್ಮ ಓಣಿಯ ಹಳೇ ಕಲ್ಯಾಣಿ ಶುಚಿ ಮಾಡಲು ನಾವೆಲ್ಲ ದುಡ್ಡು ಹಾಕಿ ಕರೆಸಿದ್ದ ತಂಡದ ಕೆಲಸ ನನಗೆ ಬಹಳ ಹಿಡಿಸಿತು. ಜೆಸಿಬಿ ಇಳಿಸಲೇ ಇಲ್ಲ. ಇಳಿಸಿದ್ದರೆ ಮೆಟ್ಟಿಲ ಕಲ್ಲುಗಳ ಸಂದು ಬಿಡುತ್ತಿತ್ತು. ಪಂಪ್ ಹಾಕಿ ನೀರು ಖಾಲಿ ಮಾಡಿ, ಪುಟ್ಟಿಯಲ್ಲಿ ಕೈಯಿಂದ ಕೈಗೆ ಹೂಳು ಸಾಗಿಸಿದರು. ಅದರೊಳಗೆ ಕರಗದೆ ಉಳಿದಿದ್ದ ಪಿಒಪಿ ಗಣಪನ ಕೈ, ಸೊಂಡಿಲು. ಬಣ್ಣ ಕೂಡ ಪೂರ್ತಿ ಹೋಗಿರಲಿಲ್ಲ. ನೋಡಿ ಹೊಟ್ಟೆ ಉರಿಯಿತು. ಕೋಟೆಯ ಗೋಪಾಲಸ್ವಾಮಿ ಹೊಂಡ ತುಂಬಿದರೆ ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡ, ಸಂತೆ ಹೊಂಡಕ್ಕೆ ಮಳೆನೀರು ತಾನಾಗಿ ಇಳಿಯುವಂತೆ ನಾಯಕರ ಕಾಲದವರು ಕಟ್ಟಿಕೊಟ್ಟ ಊರಿದು!

ಒಂದು ಸ್ಟಾರ್ ಕಡಿಮೆ ಯಾಕೆಂದರೆ, ಚರಂಡಿ ನೀರು ಒಳನುಗ್ಗುವ ಕಿಂಡಿಯನ್ನು ಮುಚ್ಚದೆ ಹಾಗೇ ಬಿಟ್ಟು ಹೋದರು. ಕರೆಸುವವರು ಅದನ್ನು ಮೊದಲೇ ಮಾತಾಡಿಕೊಳ್ಳಿ.