ಏರಿಯಾ ತಾಳೆಯಾಯಿತು, ಎರಡು ಮೀಟರ್ ಗುಡ್ಡ ಮಾತ್ರ ಮಾಯ

ಕ್ರಾಸ್ ಸೆಕ್ಷನ್‌ಗಳ (ರಸ್ತೆಯನ್ನು ಅಡ್ಡಕ್ಕೆ ಕೊಯ್ದರೆ ಕಾಣುವ ನೋಟದ ಚಿತ್ರಗಳು) ಪಿಡಿಎಫ್ ಕೈಗಿಟ್ಟು "ಇದರಿಂದ ಮಣ್ಣಿನ ಲೆಕ್ಕ ತೆಗೆದು ಕೊಡಿ" ಅಂತ ಯಾರಾದರೂ ಕೇಳಿದ್ದಾರಾ? ಹೂಂ ಅನ್ನುವ ಮುಂಚೆ ಇದನ್ನು ಓದಿ. ನಾನು ಹದಿನೈದು ವರ್ಷದಿಂದ ಡ್ರಾಯಿಂಗ್, ಕ್ವಾಂಟಿಟಿ ಅಂತಲೇ ಹೊಟ್ಟೆ ಹೊರೆಯುತ್ತಿರುವವನು. ಆದರೂ ಮುಗ್ಗರಿಸಿದೆ.

ಮಲೆನಾಡಿನ ಒಂದು ರಸ್ತೆ ಅಗಲೀಕರಣ. ಉದ್ದ 2.4 ಕಿ.ಮೀ., ಪ್ರತಿ 20 ಮೀಟರ್‌ಗೆ ಒಂದು ಸೆಕ್ಷನ್, ಒಟ್ಟು 121. ಎ3 ಹಾಳೆಯಲ್ಲಿ ನಾಲ್ಕು ನಾಲ್ಕರಂತೆ 31 ಹಾಳೆ. ಗುಡ್ಡದ ಭಾಗದಲ್ಲಿ ಏರು ಬದಲಾಯಿಸಿದ್ದರು, ಆದರೆ ಸೆಕ್ಷನ್‌ಗಳು ಹಳೆಯವೇ. ಹಳೆ ಸೆಕ್ಷನ್‌ನಿಂದ ನೆಲದ ಲೆವೆಲ್ (ಎತ್ತರ) ತೆಗೆಯಬೇಕು, ಅದಕ್ಕೆ ಹೊಸ ಎಫ್‌ಆರ್‌ಎಲ್ (ಮುಗಿದ ರಸ್ತೆಯ ಲೆವೆಲ್) ಕೂರಿಸಬೇಕು, ಕಟ್ಟಿಂಗ್, ಅಂದರೆ ಕಡಿದು ತೆಗೆಯಬೇಕಾದ ಮಣ್ಣು, ಎಷ್ಟು ಬರುತ್ತದೆ ಹೇಳಬೇಕು. ಮಣ್ಣಿನ ಕೆಲಸವನ್ನು ಒಳಗುತ್ತಿಗೆಗೆ ಹಿಡಿದಿದ್ದವರು ನನ್ನ ಹಳೆ ಪರಿಚಯ. ಅವರನ್ನು ಅಣ್ಣ ಅಂತಲೇ ಕರೆಯುವುದು.

"ಅಣ್ಣ, ಕ್ಯಾಡ್ ಫೈಲ್ ಸಿಗಲ್ವಾ?" ಅಂದೆ.

"ಡಿಸೈನ್ ಮಾಡಿದವರು ಕೊಡ್ತಾ ಇಲ್ಲ ಮಾರಾಯ್ರೇ. ಪಿಡಿಎಫ್ ಇದ್ಯಲ್ಲ, ಅದ್ರಲ್ಲೇ ಎಲ್ಲ ಇದ್ಯಲ್ಲ."

ಅವರ ಮಾತು ಸುಳ್ಳಲ್ಲ. ಎಲ್ಲವೂ ಅದರಲ್ಲೇ ಇತ್ತು. ನಾನೇ ಅದನ್ನು ಓದಲಿಲ್ಲ.

ಮೊದಲ ದಿನ ಆಟೋಕ್ಯಾಡ್‌ನಲ್ಲಿ ಪಿಡಿಎಫ್ ಇಂಪೋರ್ಟ್ ಕೊಟ್ಟೆ. 2017ರ ಆವೃತ್ತಿಯಿಂದ ಈ ಕಮಾಂಡ್ ಬಂದಿದೆ. 25 ಹಾಳೆ ಗೆರೆಗಳಾಗಿ ಬಂದವು, ಆರು ಹಾಳೆ ಬರೀ ಫೋಟೋ ಆಗಿ ಬಂದವು. ಆ ಆರನ್ನು ಸಹಿ, ಸೀಲು ಹಾಕಿ ಸ್ಕ್ಯಾನ್ ಮಾಡಿದ್ದರು. ಒಂದೆರಡು ಸ್ವಲ್ಪ ಓರೆಯಾಗಿಯೂ ಇದ್ದವು. ಇದನ್ನು ಮೊದಲೇ ಪತ್ತೆ ಹಚ್ಚುವುದು ಸುಲಭ. ಪಿಡಿಎಫ್ ತೆರೆದು ಒಂದು ಗೆರೆಯನ್ನು ಎಷ್ಟಾಗುತ್ತೋ ಅಷ್ಟು ದೊಡ್ಡದು ಮಾಡಿ. ಚೂಪಾಗಿಯೇ ಉಳಿದರೆ ಅದು ಗೆರೆ, ಚೌಕ ಚೌಕ ಆದರೆ ಸ್ಕ್ಯಾನ್. 31 ಹಾಳೆಯನ್ನೂ ಹೀಗೆ ನೋಡಿದ ಮೇಲೆ ರೇಟು ಹೇಳಬೇಕಿತ್ತು. ನಾನು ಮೊದಲ ಎರಡು ಹಾಳೆ ನೋಡಿ ಹೇಳಿಬಿಟ್ಟಿದ್ದೆ.

ಗೆರೆಯಾಗಿ ಬಂದ ಹಾಳೆಗಳಲ್ಲೂ ಅಂಕಿಗಳು ಅಂಕಿಗಳಾಗಿ ಬರಲಿಲ್ಲ. ಆಟೋಕ್ಯಾಡ್‌ನದೇ ಆದ ಎಸ್‌ಎಚ್‌ಎಕ್ಸ್ ಫಾಂಟ್‌ನಲ್ಲಿ ಬರೆದದ್ದು ಪಿಡಿಎಫ್‌ಗೆ ಹೋದಾಗ ಚೂರು ಚೂರು ಗೆರೆಯಾಗುತ್ತದೆ. ಅದನ್ನು ಮತ್ತೆ ಅಕ್ಷರ ಮಾಡುವ ಕಮಾಂಡ್ ಇದೆ, ಆದರೆ ಒಂದೊಂದನ್ನೂ ಕಣ್ಣಲ್ಲಿ ನೋಡಬೇಕು. ಸ್ಕ್ಯಾನ್ ಹಾಳೆಗಳಿಗೆ ಓಸಿಆರ್ (ಚಿತ್ರದಿಂದ ಅಕ್ಷರ ಓದುವ ಸಾಫ್ಟ್‌ವೇರ್) ಓಡಿಸಿದೆ. 6 ಹೋಗಿ 8 ಆಯಿತು. ದಶಮಾಂಶದ ಚುಕ್ಕಿ ಬಿದ್ದುಹೋಗಿ 612.845 ಅನ್ನುವುದು ಆರು ಲಕ್ಷ ದಾಟಿತು. ಅದಾದರೂ ಕಣ್ಣಿಗೆ ಹೊಡೆಯುತ್ತದೆ. ಆಫ್‌ಸೆಟ್‌ನ (ರಸ್ತೆಯ ಸೆಂಟರ್ ಲೈನ್‌ನಿಂದ ಪಕ್ಕಕ್ಕೆ ಇರುವ ದೂರ) ಹಿಂದಿನ ಮೈನಸ್ ಚಿಹ್ನೆ ಹೋದರೆ ಗೊತ್ತೇ ಆಗುವುದಿಲ್ಲ. ರಸ್ತೆಯ ಎಡಗಡೆಯ ದಿಬ್ಬ ಸದ್ದಿಲ್ಲದೆ ಬಲಗಡೆಗೆ ಹೋಗಿ ಕೂರುತ್ತದೆ. ಕೊನೆಗೆ ಆ 24 ಸೆಕ್ಷನ್‌ಗಳನ್ನು ನಮ್ಮ ಹುಡುಗ ಗಟ್ಟಿಯಾಗಿ ಓದಿದ, ನಾನು ಟೈಪ್ ಮಾಡಿದೆ. ಇಡೀ ಕೆಲಸದಲ್ಲಿ ಒಂದೂ ತಪ್ಪಿಲ್ಲದೆ ಬಂದದ್ದು ಆ ಆರು ಹಾಳೆ ಮಾತ್ರ!

ಉಳಿದ 25ಕ್ಕೆ ಬುದ್ಧಿವಂತಿಕೆ ತೋರಿಸಿದೆ. ಅಂಕಿ ಬೇಡ, ಗೆರೆಯನ್ನೇ ಅಳೆದರಾಯಿತು ಅಂದುಕೊಂಡೆ.

ಅಳೆಯಬೇಕಾದರೆ ಸ್ಕೇಲ್ ಬೇಕಲ್ಲ. ಹಾಳೆಯ ಮೂಲೆಯಲ್ಲಿ ಅಡ್ಡಕ್ಕೆ 1:200, ಎತ್ತರಕ್ಕೆ 1:100 ಅಂತ ಬರೆದಿತ್ತು. ಬರೆದದ್ದು ಎ1 ಹಾಳೆಗೆ, ಪಿಡಿಎಫ್ ಆದದ್ದು ಎ3ಗೆ. ಅಂದರೆ ಎಲ್ಲವೂ ಅರ್ಧ. ಅದರ ಮೇಲೆ ಫಿಟ್ ಟು ಪೇಪರ್ ಬೇರೆ ಒತ್ತಿದ್ದರು. ಸೆಂಟರ್ ಲೈನ್‌ನಿಂದ ಎಡಕ್ಕೆ 10, ಬಲಕ್ಕೆ 10, ಒಟ್ಟು 20 ಮೀಟರ್ ಎ3ಯಲ್ಲಿ 50 ಮಿ.ಮೀ. ಇರಬೇಕಿತ್ತು, ಇದ್ದದ್ದು 48.5. ಇದನ್ನು ಹಿಡಿದೆ, ಪರವಾಗಿಲ್ಲ. ಅಡ್ಡಕ್ಕೊಂದು, ಎತ್ತರಕ್ಕೊಂದು ಗುಣಕ ಬೇಕು. ಮಾಮೂಲಿ ಸ್ಕೇಲ್ ಕಮಾಂಡ್ ಎರಡೂ ಕಡೆ ಒಂದೇ ಸಮ ಹಿಗ್ಗಿಸುತ್ತದೆ. ಆದ್ದರಿಂದ ಬ್ಲಾಕ್ ಮಾಡಿ, ಎಕ್ಸ್‌ಗೆ ಒಂದು, ವೈಗೆ ಒಂದು ಕೊಟ್ಟು ಇನ್ಸರ್ಟ್ ಮಾಡಿದೆ. ಇದನ್ನು ಮರೆತು ಎರಡಕ್ಕೂ ಅಡ್ಡದ ಸ್ಕೇಲನ್ನೇ ಕೊಟ್ಟಿದ್ದರೆ ಏರಿಯಾ ನೇರ ಎರಡರಷ್ಟು ಬರುತ್ತಿತ್ತು.

ಆಮೇಲೆ ತಾಳೆ ನೋಡಿದೆ. ಪ್ರತಿ ಸೆಕ್ಷನ್ ಪಕ್ಕದಲ್ಲಿ ಹಳೆ ಡಿಸೈನಿನ ಕಟ್ಟಿಂಗ್ ಏರಿಯಾ ಅಚ್ಚಾಗಿತ್ತು. ಅವರದು 14.62 ಚದರ ಮೀಟರ್, ನನ್ನದು 14.58. ಇನ್ನೊಂದು, ಮತ್ತೊಂದು, ಎಲ್ಲ ಹತ್ತಿರ ಹತ್ತಿರ. ಹತ್ತಿಪ್ಪತ್ತು ನೋಡಿ ಕಾಫಿ ಕುಡಿಯಲು ಎದ್ದೆ. ನಾನು ಮೋಸ ಹೋದದ್ದು ಇಲ್ಲೇ.

ಸೆಕ್ಷನ್‌ನ ಎಡಗಡೆ ಡೇಟಂ ಅಂತ ಒಂದು ಅಂಕಿ ಇರುತ್ತದೆ. ಕೆಳಗಿನ ಗೆರೆಯ ಲೆವೆಲ್ ಅದು. ಗೆರೆಯನ್ನು ಅಳೆದರೆ ಸಿಗುವುದು ಡೇಟಂನಿಂದ ಮೇಲಕ್ಕೆ ಎಷ್ಟು ಅನ್ನುವುದು ಮಾತ್ರ. ಡೇಟಂ ಕೂಡಿಸಿದರೆ ನೆಲದ ಲೆವೆಲ್. ಮೊದಲ ಹತ್ತು ಹಾಳೆ ಬಯಲು. ಅಲ್ಲಿ ಒಂದು ಹಾಳೆಯ ನಾಲ್ಕು ಸೆಕ್ಷನ್‌ಗೂ ಡೇಟಂ ಒಂದೇ. ಹಾಳೆಗೊಂದು ಡೇಟಂ ಅಂತ ತಲೆಯಲ್ಲಿ ಕೂತುಬಿಟ್ಟಿತು. ಪ್ರತಿ ಹಾಳೆಯ ಮೊದಲ ಸೆಕ್ಷನ್ ನೋಡಿ ಅದನ್ನೇ ನಾಲ್ಕಕ್ಕೂ ಹಾಕಿಕೊಂಡು ಹೋದೆ. ಆದರೆ ಡೇಟಂ ಇಟ್ಟದ್ದು ಸಾಫ್ಟ್‌ವೇರ್. ಅದು ಹಾಳೆ ನೋಡಿ ಇಡುವುದಿಲ್ಲ, ಆಯಾ ಸೆಕ್ಷನ್‌ನ ತಗ್ಗು ನೋಡಿ ಇಡುತ್ತದೆ. 19ನೇ ಹಾಳೆಯಲ್ಲಿ ಚೈನೇಜ್ 1+440ಕ್ಕೆ (ರಸ್ತೆಯ ಆರಂಭದಿಂದ 1,440 ಮೀಟರ್) ಡೇಟಂ 616. ಅದರ ಪಕ್ಕದ 1+460ಕ್ಕೆ 618. ಗುಡ್ಡ ಹತ್ತುವ 400 ಮೀಟರ್‌ನಲ್ಲಿ ಹೀಗೆ 14 ಸೆಕ್ಷನ್ ಎರಡು ಮೀಟರ್ ಕೆಳಗೆ ಇಳಿದುಬಿಟ್ಟವು.

ಹಾಗಾದರೆ ಏರಿಯಾ ಹೇಗೆ ತಾಳೆಯಾಯಿತು? ಅಣ್ಣ ತಮ್ಮ ಇಬ್ಬರನ್ನೂ ಒಂದೇ ಮೆಟ್ಟಿಲ ಮೇಲೆ ನಿಲ್ಲಿಸಿ ನೋಡಿ. ಯಾವ ಮೆಟ್ಟಿಲಾದರೇನು, ಯಾರು ಎಷ್ಟು ಎತ್ತರ ಅನ್ನುವುದು ಬದಲಾಗುವುದಿಲ್ಲ. ಹಳೆ ನೆಲದ ಗೆರೆ, ಹಳೆ ರಸ್ತೆಯ ಗೆರೆ ಎರಡೂ ಒಂದೇ ಡೇಟಂ ಮೇಲೆ ನಿಂತಿದ್ದವು. ಡೇಟಂ ತಪ್ಪಿದರೂ ನಡುವಿನ ಏರಿಯಾ ಅಷ್ಟೇ ಬರುತ್ತದೆ. ನಾನು ಮಾಡಿದ ತಾಳೆ ಸ್ಕೇಲನ್ನು ಪರೀಕ್ಷಿಸಿತ್ತು, ಲೆವೆಲನ್ನು ಮುಟ್ಟಿಯೂ ಇರಲಿಲ್ಲ. ಹೊಸ ಎಫ್‌ಆರ್‌ಎಲ್ ಬಂದದ್ದು ಬೇರೆ ಪಟ್ಟಿಯಿಂದ, ನಿಜವಾದ ಲೆವೆಲ್‌ನಲ್ಲಿ. ತಮ್ಮ, ಅಂದರೆ ನೆಲದ ಗೆರೆ, ಮಾತ್ರ ಕೆಳಗಿನ ಮೆಟ್ಟಿಲಲ್ಲಿ ಉಳಿದುಕೊಂಡ.

ಗೊತ್ತಾದದ್ದು ಸೈಟಿನಲ್ಲಿ. ಸರ್ವೇ ಮಾಡುವ ಹುಡುಗ ಟಿಬಿಎಂನಿಂದ (ಲೆವೆಲ್ ಗೊತ್ತಿರುವ ತಾತ್ಕಾಲಿಕ ಗುರುತು) ಲೆವೆಲ್ ತಂದು 1+460ರಲ್ಲಿ ಸ್ಟಾಫ್ (ಅಳತೆಯ ಕೋಲು) ಹಿಡಿಸಿದ್ದಾನೆ. ಫೋನ್ ಬಂತು. "ಸಾರ್, ನಿಮ್ಮ ಶೀಟ್ ಪ್ರಕಾರ ನಾವೀಗ ಗಾಳಿಯಲ್ಲಿ ನಿಂತಿದ್ದೀವಿ." ನನ್ನ ಶೀಟಿನಲ್ಲಿ ಸೆಂಟರ್ ಲೆವೆಲ್ 619.360. ಅವನಿಗೆ ಬಂದದ್ದು 621.350. ಪಿಡಿಎಫ್ ತೆರೆದು ನೋಡಿದೆ. ಸೆಕ್ಷನ್ ಕೆಳಗಿನ ಪಟ್ಟಿಯಲ್ಲಿ ಸ್ಪಷ್ಟವಾಗಿ ಅಚ್ಚಾಗಿದೆ: 621.360. ಓದಿದ್ದರೆ ಸಾಕಿತ್ತು.

ಲೆಕ್ಕ ಹಾಕಿ. ಅಗಲ 12 ಮೀಟರ್, ಎತ್ತರದ ತಪ್ಪು 2 ಮೀಟರ್, ಸೆಕ್ಷನ್‌ಗೆ 24 ಚದರ ಮೀಟರ್ ಕಡಿಮೆ. 20 ಮೀಟರ್ ಅಂತರಕ್ಕೆ 480 ಘನ ಮೀಟರ್. 14 ಸೆಕ್ಷನ್‌ಗೆ 6,720. ಇಳಿಜಾರಿನ ಭಾಗ ಇನ್ನೂ ಸೇರಿಲ್ಲ. ಟಿಪ್ಪರ್‌ಗೆ ಹತ್ತು ಘನ ಮೀಟರ್ ಅಂತ ಹಿಡಿದರೂ 672 ಲೋಡ್ ಮಣ್ಣು ನನ್ನ ಎಕ್ಸೆಲ್‌ನಲ್ಲಿ ಇರಲೇ ಇಲ್ಲ. ಅಣ್ಣ ಆ ಅಂಕಿ ನಂಬಿ ಇಡೀ ಭಾಗಕ್ಕೆ ಒಂದೇ ಮೊತ್ತ ಒಪ್ಪಿಕೊಂಡಿದ್ದರು. "ಎಂತ ಮಾಡಿದ್ರಿ ಮಾರಾಯ್ರೇ" ಅಂದರು, ಅಷ್ಟೇ. ಬೈದಿದ್ದರೆ ವಾಸಿ ಇತ್ತು. ಫೀಸ್ ವಾಪಸ್ ಕೊಟ್ಟೆ. ಅವರ ನಷ್ಟದ ಮುಂದೆ ಅದು ಯಾವ ಲೆಕ್ಕ?

ಇದನ್ನು ತಡೆಯಲು ಹತ್ತೇ ನಿಮಿಷ ಸಾಕಿತ್ತು. ಚೈನೇಜ್, ಆಫ್‌ಸೆಟ್, ಲೆವೆಲ್ ಮೂರು ಕಾಲಂ ಇದ್ದರೆ ಸಿವಿಲ್ 3ಡಿ ಸಾಫ್ಟ್‌ವೇರ್‌ನಲ್ಲಿ ಅಲೈನ್‌ಮೆಂಟ್ (ರಸ್ತೆ ಸಾಗುವ ಗೆರೆ) ಆಧಾರದ ಮೇಲೆ ಪಾಯಿಂಟ್‌ಗಳನ್ನು ಫೈಲ್‌ನಿಂದ ತರಬಹುದು. ಎಡಗಡೆಯ ಆಫ್‌ಸೆಟ್ ಮೈನಸ್. ಅದರಿಂದ ಸರ್ಫೇಸ್ (ನೆಲದ ಮಾದರಿ) ಮಾಡಿ, ಸೆಂಟರ್ ಲೈನ್ ಮೇಲೆ ಪ್ರೊಫೈಲ್ (ಉದ್ದಕ್ಕೂ ನೆಲದ ಏರಿಳಿತದ ಗೆರೆ) ಎಳೆದಿದ್ದರೆ ಗುಡ್ಡದ ಭಾಗ ಗರಗಸದ ಹಲ್ಲಿನ ಹಾಗೆ ಕಾಣುತ್ತಿತ್ತು. ಪ್ರತಿ ಹೊಸ ಹಾಳೆ ಶುರುವಾಗುವಲ್ಲಿ ಒಂದೊಂದು ಹಲ್ಲು. ಸಾಫ್ಟ್‌ವೇರ್ ಇಲ್ಲದಿದ್ದರೆ ಎಕ್ಸೆಲ್‌ನಲ್ಲಿ ಸೆಂಟರ್ ಲೆವೆಲ್‌ಗಳ ಗ್ರಾಫ್ ಹಾಕಿದರೂ ಸಾಕು. ಇನ್ನೊಂದು ಮಾತು: ಆ ಸರ್ಫೇಸ್‌ಗೆ ಎರಡು ಸೆಕ್ಷನ್ ನಡುವಿನ 20 ಮೀಟರ್‌ನಲ್ಲಿ ಏನಿದೆ ಅನ್ನುವುದು ಗೊತ್ತಿರುವುದಿಲ್ಲ. ಈ ರಸ್ತೆಯಲ್ಲೇ ಒಂದು ಸಣ್ಣ ಹಳ್ಳ ಹಾಗೆ ತಪ್ಪಿಸಿಕೊಂಡಿತ್ತು.

ಒಂದು ಕ್ಲಿಕ್‌ನಲ್ಲಿ ಪಿಡಿಎಫ್ ಅನ್ನು ಕ್ಯಾಡ್ ಮಾಡಿ ಕೊಡುತ್ತೇವೆ ಅನ್ನುವ ಜಾಹೀರಾತುಗಳಿಗೆ ದುಡ್ಡು ಸುರಿಯಬೇಡಿ. ಅವು ಕೊಡುವುದೂ ಗೆರೆಗಳನ್ನೇ. ಆ ಗೆರೆಗೆ ಡೇಟಂ ಯಾವುದು, ಚೈನೇಜ್ ಯಾವುದು ಅಂತ ಹೇಳಬೇಕಾದವರು ನೀವೇ.

ಈಗ ಕ್ಯಾಡ್ ಫೈಲ್ ಇಲ್ಲ ಅಂದರೆ ಲ್ಯಾಂಡ್‌ಎಕ್ಸ್‌ಎಂಎಲ್ (ಡಿಸೈನಿನ ಅಂಕಿಗಳನ್ನು ಒಂದು ಸಾಫ್ಟ್‌ವೇರ್‌ನಿಂದ ಇನ್ನೊಂದಕ್ಕೆ ಒಯ್ಯುವ ಫೈಲ್) ಕೇಳುತ್ತೇನೆ. ಅದೂ ಇಲ್ಲದಿದ್ದರೆ ಲೆವೆಲ್ ಬುಕ್ಕಿನ ಜೆರಾಕ್ಸ್. ಏನೂ ಇಲ್ಲ, ಪಿಡಿಎಫ್ ಮಾತ್ರ ಅಂದರೆ ಪಟ್ಟಿಯ ಅಂಕಿಗಳನ್ನು ಇಬ್ಬರು ಕೂತು ಓದಿ ಟೈಪ್ ಮಾಡುತ್ತೇವೆ, ಗೆರೆಯನ್ನು ತಾಳೆ ನೋಡಲು ಮಾತ್ರ ಇಟ್ಟುಕೊಳ್ಳುತ್ತೇವೆ. ಅದಕ್ಕೆ ಸೆಕ್ಷನ್ ಲೆಕ್ಕದಲ್ಲಿ ರೇಟು. ಜೊತೆಗೆ ಸೈಟಿನಲ್ಲಿ ಮೂರು ಕಡೆ ಲೆವೆಲ್ ಹಿಡಿಸಿ ಕಳಿಸಬೇಕು, ಒಂದು ಕಡ್ಡಾಯವಾಗಿ ಏರಿನಲ್ಲಿ. ಅದು ಬರುವವರೆಗೆ ಕ್ವಾಂಟಿಟಿ ಶೀಟ್ ನನ್ನ ಕಂಪ್ಯೂಟರ್ ಬಿಟ್ಟು ಹೊರಗೆ ಹೋಗುವುದಿಲ್ಲ. ರೇಟು ಜಾಸ್ತಿ ಅಂತ ಕೆಲವರು ಬೇರೆ ಕಡೆ ಹೋಗುತ್ತಾರೆ. ಹೋಗಲಿ.