ಎದೆಹಾಲು ತೆಗೆದಿಡಲು ಕೈಪಂಪೋ, ವಿದ್ಯುತ್ ಪಂಪೋ, ಬರಿಗೈಯೋ?

ಹೆರಿಗೆ ರಜೆ ಮುಗಿಸಿ ಕೆಲಸಕ್ಕೆ ಮರಳುವ ತಾಯಿ ಹಾಲು ತೆಗೆದಿಡಲು ಏನನ್ನು ಕೊಳ್ಳಬೇಕು ಎಂದು ಕೇಳಿದರೆ, ಕೈಯಿಂದ ಒತ್ತುವ ಸಾಧಾರಣ ಪಂಪನ್ನೇ ಮೊದಲು ಕೊಳ್ಳಿ ಎಂದು ನಾನು ಹೇಳುತ್ತೇನೆ. ಅದರ ಹಲವು ಪಟ್ಟು ಬೆಲೆಯ ವಿದ್ಯುತ್ ಪಂಪ್ ನಮ್ಮ ಮನೆಯಲ್ಲಿದೆ. ಯಾವ ಸಾಧನವೂ ಇಲ್ಲದೆ ಬರಿಗೈಯಿಂದ ಹಾಲು ಹಿಂಡುವುದನ್ನು ಹೆರಿಗೆಯಾದ ಆಸ್ಪತ್ರೆಯಲ್ಲಿಯೇ ನರ್ಸಮ್ಮ ಕಲಿಸಿಕೊಟ್ಟಿದ್ದರು. ಮೂರನ್ನೂ ಒಂದೇ ಮಗುವಿಗಾಗಿ, ಒಂದೇ ದಿನಚರಿಯೊಳಗೆ ಬಳಸಿದ ಮೇಲೆ ಈಗ ಪ್ರತಿದಿನ ಬೆಳಿಗ್ಗೆ ನನ್ನ ಚೀಲಕ್ಕೆ ಸೇರುವುದು ಕೈಪಂಪ್ ಒಂದೇ.

ನನ್ನ ಪರಿಸ್ಥಿತಿಯನ್ನು ಮೊದಲು ಹೇಳಬೇಕು, ಏಕೆಂದರೆ ಆಯ್ಕೆ ನಿಂತಿರುವುದು ಅದರ ಮೇಲೆ. ಮನೆ ಮೈಸೂರಿನಲ್ಲಿ, ಕೆಲಸ ಮಂಡ್ಯದ ಒಂದು ಸಣ್ಣ ಬ್ಯಾಂಕ್ ಶಾಖೆಯಲ್ಲಿ, ಓಡಾಟ ರೈಲಿನಲ್ಲಿ. ಮನೆಯಲ್ಲಿ ಮಗುವನ್ನು ನೋಡಿಕೊಳ್ಳುವವರು ಅತ್ತೆ. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಂದ ತಿದ್ದುಪಡಿಯಿಂದ ಮೊದಲ ಎರಡು ಮಕ್ಕಳಿಗೆ 26 ವಾರಗಳ ರಜೆ ಸಿಗುವಂತಾಯಿತು; ಅದರಲ್ಲಿ ಹೆಚ್ಚೆಂದರೆ 8 ವಾರಗಳನ್ನು ಹೆರಿಗೆಗೆ ಮೊದಲೇ ತೆಗೆದುಕೊಳ್ಳಬಹುದು. ಮೊದಲ 6 ತಿಂಗಳು ಮಗುವಿಗೆ ತಾಯಿಯ ಹಾಲನ್ನು ಬಿಟ್ಟು ನೀರನ್ನೂ ಕೊಡಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ರಕ್ತದೊತ್ತಡ ಏರಿದ ಕಾರಣ ಹೆರಿಗೆಗೆ ಮುಂಚೆಯೇ ರಜೆ ಹಾಕಬೇಕಾಗಿ ಬಂದ ನನ್ನಂಥವರಿಗೆ ಈ ಎರಡು ಲೆಕ್ಕಗಳು ಕೂಡಿಬರುವುದಿಲ್ಲ: ಮಗುವಿಗೆ ರಾಗಿ ಸರಿ ತಿನ್ನಿಸುವ ವಯಸ್ಸು ಬರುವ ಮೊದಲೇ ರಜೆ ತೀರಿಹೋಗುತ್ತದೆ. ಆ ನಡುವಿನ ವಾರಗಳಲ್ಲಿ ಮಗುವಿನ ಹಗಲಿನ ಆಹಾರವೆಲ್ಲ ತೆಗೆದಿಟ್ಟ ಹಾಲೇ ಆಗಿರಬೇಕು.

ಬರಿಗೈಯ ವಿಧಾನಕ್ಕೆ ಖರ್ಚಿಲ್ಲ, ತೊಳೆಯಬೇಕಾದದ್ದು ಒಂದು ಬಟ್ಟಲು ಮಾತ್ರ. ಹೆಬ್ಬೆರಳನ್ನು ಮೇಲೆ, ಉಳಿದ ಬೆರಳುಗಳನ್ನು ಕೆಳಗೆ, ತೊಟ್ಟಿನಿಂದ ಎರಡು ಮೂರು ಸೆಂಟಿಮೀಟರ್ ಹಿಂದಕ್ಕೆ ಇಟ್ಟು, ಮೊದಲು ಎದೆಗೂಡಿನ ಕಡೆಗೆ ಒತ್ತಿ, ಆಮೇಲೆ ಬೆರಳುಗಳನ್ನು ಒಂದಕ್ಕೊಂದು ಸೇರಿಸುವಂತೆ ಒತ್ತಿ ಬಿಡಬೇಕು. ಬೆರಳು ಚರ್ಮದ ಮೇಲೆ ಜಾರಬಾರದು, ತೊಟ್ಟನ್ನೇ ಹಿಂಡಬಾರದು. ಹೆರಿಗೆಯಾದ ಮೊದಲ ದಿನಗಳಲ್ಲಿ ಬರುವ ಹಳದಿ ಗಿಣ್ಣುಹಾಲು ಪ್ರಮಾಣದಲ್ಲಿ ಬಹಳ ಕಡಿಮೆ, ಗಟ್ಟಿಯೂ ಹೌದು; ಪಂಪಿನಲ್ಲಿ ತೆಗೆದರೆ ಅದರ ಬಹುಪಾಲು ಪ್ಲಾಸ್ಟಿಕ್ಕಿಗೇ ಅಂಟಿಕೊಳ್ಳುತ್ತದೆ. ಆ ದಿನಗಳಿಗೆ ಕೈಯೇ ಸರಿ. ಎದೆ ಕಟ್ಟಿ ಕಲ್ಲಿನಂತಾದಾಗಲೂ ಸ್ವಲ್ಪ ಹಾಲನ್ನು ಕೈಯಿಂದ ತೆಗೆದು ಮೆದು ಮಾಡಿಕೊಂಡರೆ ಮಗುವಿಗೆ ಬಾಯಿಗೆ ಸಿಗುತ್ತದೆ. ಇದನ್ನು ಪ್ರತಿಯೊಬ್ಬ ಬಾಣಂತಿಯೂ ಕಲಿತಿರಬೇಕು ಎಂದು ನಾನು ಮನಸಾರೆ ನಂಬುತ್ತೇನೆ. ಆದರೆ ದಿನಕ್ಕೆ ಮೂರು ಹೊತ್ತಿನ ಹಾಲನ್ನು ಹೀಗೆ ತೆಗೆಯಲು ಹೊರಟಾಗ ಪ್ರತಿ ಸಲವೂ ಅರ್ಧ ಗಂಟೆ ಹಿಡಿಯಿತು, ಮಗುವನ್ನು ಎತ್ತಿ ಎತ್ತಿ ಮೊದಲೇ ನೋಯುತ್ತಿದ್ದ ಹೆಬ್ಬೆರಳಿನ ಬುಡ ಇನ್ನೂ ನೋಯತೊಡಗಿತು. ಊಟದ ಬಿಡುವಿನಲ್ಲಿ ಮುಗಿಸಬೇಕಾದ ಕೆಲಸಕ್ಕೆ ಇದು ಆಗುವುದಿಲ್ಲ.

ಈ ಕಾರಣಕ್ಕಾಗಿಯೇ ವಿದ್ಯುತ್ ಪಂಪ್ ಬಂದದ್ದು. ಎರಡೂ ಕಡೆ ಒಟ್ಟಿಗೆ ಹಾಲು ತೆಗೆಯಬಲ್ಲ ಮಾದರಿ ಅದು. ಮೊದಲು ಬೇಗಬೇಗನೆ ಹಗುರವಾಗಿ ಎಳೆದು ಹಾಲು ಇಳಿಯುವಂತೆ ಮಾಡುವ ಒಂದು ಹಂತ, ಆಮೇಲೆ ನಿಧಾನವಾಗಿ ಆಳವಾಗಿ ಎಳೆಯುವ ಇನ್ನೊಂದು ಹಂತ. ಮಗು ಕುಡಿಯುವ ಕ್ರಮವೂ ಹೀಗೆಯೇ ಇರುವುದರಿಂದ ಈ ವಿನ್ಯಾಸದಲ್ಲಿ ನನಗೆ ಯಾವ ತಕರಾರೂ ಇಲ್ಲ. ತಕರಾರು ಇರುವುದು ಎದೆಗೆ ಹಿಡಿಯುವ ಲಾಳಿಕೆಯ ಅಳತೆಯಲ್ಲಿ. ಕೊಳ್ಳುವ ಮುನ್ನ ಯಾರೂ ಅದರ ಬಗ್ಗೆ ಮಾತನಾಡದ ಕಾರಣ ಇದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಲಾಳಿಕೆಯ ನಡುವೆ ಒಂದು ಕೊಳವೆ ಇರುತ್ತದೆ. ಪಂಪ್ ಎಳೆದಾಗ ತೊಟ್ಟು ಅದರೊಳಗೆ ಹೋಗಿ ಬರುತ್ತದೆ. ಆ ಕೊಳವೆಯ ಅಗಲ ತೊಟ್ಟಿನ ಬುಡದ ಅಗಲಕ್ಕಿಂತ ಒಂದೆರಡು ಮಿಲಿಮೀಟರ್ ಮಾತ್ರ ಹೆಚ್ಚಿರಬೇಕು. ನನ್ನ ಡಬ್ಬಿಯಲ್ಲಿ ಬಂದದ್ದು 24 ಮತ್ತು 28 ಮಿಲಿಮೀಟರಿನ ಎರಡು ಅಳತೆಗಳು. ನನ್ನ ತೊಟ್ಟಿನ ಅಗಲ 17 ಮಿಲಿಮೀಟರ್. ಕೊಳವೆ ಇಷ್ಟು ಸಡಿಲವಾದರೆ ತೊಟ್ಟಿನ ಜೊತೆಗೆ ಸುತ್ತಲಿನ ಕಪ್ಪು ಭಾಗವೂ ಒಳಗೆ ಎಳೆಯಲ್ಪಟ್ಟು ಊದಿಕೊಳ್ಳುತ್ತದೆ, ಉಜ್ಜಿ ಬಿರಿಯುತ್ತದೆ, ಒಳಗಿನ ಹಾಲಿನ ನಾಳಗಳು ಒತ್ತಿಹೋಗಿ ಬರಬೇಕಾದ ಹಾಲೂ ಬರುವುದಿಲ್ಲ. ಯಂತ್ರ ಇಪ್ಪತ್ತು ನಿಮಿಷ ಓಡಿದರೂ ಬಾಟಲಿಯ ತಳ ಮುಚ್ಚದಿದ್ದಾಗ ತಾಯಿಗೆ ಬರುವ ಮೊದಲ ಯೋಚನೆ ತನಗೆ ಹಾಲೇ ಕಡಿಮೆಯಾಗಿದೆ ಎಂಬುದು. ಆ ಯೋಚನೆಯಿಂದ ಹುಟ್ಟುವ ಕಳವಳವೇ ಹಾಲು ಇಳಿಯುವುದನ್ನು ತಡೆಯುತ್ತದೆ, ಏಕೆಂದರೆ ಹಾಲನ್ನು ಇಳಿಸುವ ಆಕ್ಸಿಟೋಸಿನ್ ಹಾರ್ಮೋನು ಭಯ ಮತ್ತು ಆತಂಕದಲ್ಲಿ ಹಿಂಜರಿಯುತ್ತದೆ. ಎಷ್ಟೋ ಮನೆಗಳಲ್ಲಿ ಪುಡಿಹಾಲಿನ ಡಬ್ಬಿ ಒಳಗೆ ಬರುವುದು ಇಂಥ ದಿನಗಳಲ್ಲಿಯೇ.

ತಯಾರಕರ ಸಹಾಯವಾಣಿಗೆ ಫೋನ್ ಮಾಡಿದಾಗ 24 ಎಲ್ಲರಿಗೂ ಸರಿಹೋಗುವ ಅಳತೆ ಎಂಬ ಉತ್ತರ ಬಂತು. ಅದು ಸರಿಯಲ್ಲ, ಹೆಂಗಸರ ತೊಟ್ಟಿನ ಅಳತೆ ಒಬ್ಬರಿಂದ ಒಬ್ಬರಿಗೆ ಬೇರೆ, ಕೆಲವೊಮ್ಮೆ ಎಡಕ್ಕೂ ಬಲಕ್ಕೂ ಬೇರೆ, ಹೆರಿಗೆಯಾದ ವಾರಕ್ಕೂ ನಾಲ್ಕನೆಯ ತಿಂಗಳಿಗೂ ಬೇರೆ. ಮೈಸೂರಿನಲ್ಲಿ ನಾನು ವಿಚಾರಿಸಿದ ಔಷಧಿ ಅಂಗಡಿಗಳಲ್ಲಿ ಪಂಪ್ ಇತ್ತು, ಸಣ್ಣ ಅಳತೆಯ ಲಾಳಿಕೆ ಬಿಡಿಯಾಗಿ ಇರಲಿಲ್ಲ. ಕೊನೆಗೆ ಲಾಳಿಕೆಯೊಳಗೆ ತೂರಿಸಿ ಅಗಲವನ್ನು ತಗ್ಗಿಸುವ ಸಿಲಿಕೋನ್ ಉಂಗುರಗಳನ್ನು ಆನ್‌ಲೈನಿನಲ್ಲಿ ತರಿಸಿದೆವು. ಮೊದಲು ಬಂದದ್ದು ಲಾಳಿಕೆಯ ಗೋಡೆಗೆ ಸರಿಯಾಗಿ ಕೂರದೆ ಗಾಳಿ ಸೋರಿ, ಎಳೆತವೇ ಇಲ್ಲದಂತಾಯಿತು. ಬೇರೆ ತಯಾರಕರ 19 ಮಿಲಿಮೀಟರಿನ ಉಂಗುರ ಕೂತಿತು. ನೋವು ನಿಂತಿತು, ಹಾಲು ಬಂತು. ಪಂಪ್ ಕೊಳ್ಳುವ ಮೊದಲು ಮನೆಯಲ್ಲಿರುವ ಸ್ಕೇಲಿನಿಂದ ತೊಟ್ಟಿನ ಬುಡವನ್ನು ಅಳೆದುಕೊಳ್ಳಿ, ಆ ಅಳತೆಗೆ ಹೊಂದುವ ಲಾಳಿಕೆ ಸಿಗುವ ಪಂಪನ್ನಷ್ಟೇ ಕೊಳ್ಳಿ. ಬೆಲೆ, ಬ್ಯಾಟರಿ, ಎಳೆತದ ಹಂತಗಳು ಇವೆಲ್ಲ ಆಮೇಲಿನ ಮಾತು.

ಅಳತೆ ಸರಿಹೋದ ಮೇಲೂ ವಿದ್ಯುತ್ ಪಂಪ್ ನನ್ನ ಕಚೇರಿಗೆ ಹೊಂದಲಿಲ್ಲ. ಶಾಖೆಯಲ್ಲಿ ನನಗೆ ಸಿಕ್ಕಿದ ಜಾಗ ಹಳೆಯ ಕಡತಗಳನ್ನಿಟ್ಟ ದಾಖಲೆ ಕೋಣೆ. ಅಲ್ಲಿ ಬಾಗಿಲಿಗೆ ಚಿಲಕವಿದೆ, ಒಂದು ಕುರ್ಚಿಯಿದೆ, ಕೈಗೆಟುಕುವ ಪ್ಲಗ್ ಇಲ್ಲ. ಮೋಟಾರಿನ ಸದ್ದು ಆಚೆಯ ಕೌಂಟರಿಗೂ ಕೇಳುತ್ತದೆ. ಎರಡೂ ಕಡೆಯ ಲಾಳಿಕೆ, ಉಂಗುರ, ವಾಲ್ವ್, ಹಾಲು ಮೋಟಾರಿಗೆ ಹೋಗದಂತೆ ತಡೆಯುವ ಪೊರೆ, ನಳಿಕೆ, ಬಾಟಲಿ ಎಲ್ಲ ಸೇರಿದರೆ ಬಿಚ್ಚಿ ತೊಳೆಯಬೇಕಾದ ಭಾಗಗಳು ಹತ್ತಕ್ಕೂ ಹೆಚ್ಚು. ಹಾಲು ತಾಗಿದ ಪ್ರತಿಯೊಂದನ್ನೂ ಪ್ರತಿ ಸಲ ತೊಳೆಯಬೇಕು, ಅದೂ ಎಲ್ಲರೂ ಕೈತೊಳೆಯುವ ಸಿಂಕಿನಲ್ಲಿ ಇಡದೆ ಬೇರೆ ಬೋಗುಣಿಯಲ್ಲಿ. ಊಟದ ಬಿಡುವಿನಲ್ಲಿ ಹಾಲು ತೆಗೆಯಲು ಉಳಿಸಿದ ಸಮಯವೆಲ್ಲ ತೊಳೆಯುವುದಕ್ಕೆ ಹೋಗುತ್ತಿತ್ತು.

ಕಾಯ್ದೆಯ ಒಂದು ಮಾತನ್ನೂ ಇಲ್ಲಿ ಸೇರಿಸುತ್ತೇನೆ. 50 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಯಲ್ಲಿ ಶಿಶುಪಾಲನಾ ಕೇಂದ್ರವಿರಬೇಕು, ತಾಯಿಗೆ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿಬರಲು ಅವಕಾಶ ಕೊಡಬೇಕು ಎಂಬುದೂ 2017ರಲ್ಲೇ ಸೇರಿದ ನಿಯಮ. ಬೆರಳೆಣಿಕೆಯ ಸಿಬ್ಬಂದಿಯಿರುವ ಶಾಖೆಗಳಲ್ಲಿ, ಶಾಲೆಗಳಲ್ಲಿ, ಅಂಗಡಿಗಳಲ್ಲಿ ದುಡಿಯುವ ತಾಯಂದಿರಿಗೆ ಅದರಿಂದ ಏನೂ ಸಿಗುವುದಿಲ್ಲ. ಆದರೆ ಮಗುವಿಗೆ 15 ತಿಂಗಳಾಗುವವರೆಗೆ ದಿನಕ್ಕೆ ಎರಡು ಹಾಲೂಡಿಸುವ ಬಿಡುವುಗಳು 1961ರ ಮೂಲ ಕಾಯ್ದೆಯಲ್ಲಿಯೇ ಇದ್ದವು, ಅವಕ್ಕೆ ನೌಕರರ ಸಂಖ್ಯೆಯ ಈ ಮಿತಿಯಿಲ್ಲ. ನಾನು ಆ ಬಿಡುವುಗಳನ್ನು ಬರಹದಲ್ಲಿಯೇ ಕೇಳಿದೆ, ಮ್ಯಾನೇಜರ್ ಒಪ್ಪಿದರು.

ಕೈಪಂಪ್ ಈ ಎಲ್ಲ ಅಡಚಣೆಗಳ ನಡುವೆ ಸುಮ್ಮನೆ ಕೆಲಸ ಮಾಡುತ್ತದೆ. ಒಂದು ಹಿಡಿಕೆ, ಅದರ ಅಡಿಯಲ್ಲಿ ಗಾಳಿ ಎಳೆಯುವ ಪೊರೆ, ಒಂದು ವಾಲ್ವ್, ಒಂದು ಲಾಳಿಕೆ, ಒಂದು ಬಾಟಲಿ. ನಾನು ಕೊಂಡ ಮಾದರಿಯ ಲಾಳಿಕೆಯ ಒಳಗೋಡೆ ಮೆತ್ತನೆಯ ಸಿಲಿಕೋನಿನದು, ಕೊಳವೆಯೂ ಕಿರಿದು; ಉಂಗುರವಿಲ್ಲದೆಯೇ ಹೊಂದಿತು. ಇದರ ನಿಜವಾದ ಗುಣ ಎಳೆತ ನಮ್ಮ ಅಂಗೈಯಲ್ಲಿ ಇರುವುದು: ಮೊದಲು ಹಿಡಿಕೆಯನ್ನು ಚಿಕ್ಕದಾಗಿ ಬೇಗಬೇಗ ಒತ್ತಿ, ಹಾಲು ಇಳಿಯತೊಡಗಿದ ಕೂಡಲೇ ಉದ್ದಕ್ಕೆ ಒತ್ತಿ ಹಿಡಿದು ಬಿಡಬಹುದು, ನೋವೆನಿಸಿದ ಕ್ಷಣವೇ ಸಡಿಲಿಸಬಹುದು. ಸದ್ದಿಲ್ಲ. ಪ್ಲಗ್ ಬೇಡ. ಊಟದ ಡಬ್ಬಿಯ ಪಕ್ಕದಲ್ಲಿ ಕೂರುತ್ತದೆ.

ಇದಕ್ಕೂ ಒಂದು ಕೊರತೆಯಿದೆ. ಬಾತುಕೋಳಿಯ ಕೊಕ್ಕಿನ ಆಕಾರದ ಆ ಪುಟ್ಟ ಬಿಳಿ ವಾಲ್ವ್ ಕೆಲವು ವಾರಗಳಲ್ಲಿ ಸಡಿಲವಾಗಿ ಸೀಳು ಬಿಡುತ್ತದೆ. ಬ್ರಷ್ ಹಾಕಿ ಉಜ್ಜಿದರೆ ಇನ್ನೂ ಬೇಗ. ಎಳೆತ ಇದ್ದಕ್ಕಿದ್ದಂತೆ ಕಡಿಮೆಯಾದರೆ ಎದೆಯಲ್ಲಿ ಹಾಲಿಲ್ಲವೆಂದುಕೊಳ್ಳುವ ಮೊದಲು ವಾಲ್ವ್ ಬದಲಿಸಿ ನೋಡಬೇಕು. ಒಂದು ಬಾರಿಗೆ ಒಂದೇ ಕಡೆ ತೆಗೆಯಲಾಗುವುದು ಇನ್ನೊಂದು ಮಿತಿ. ಇದನ್ನು ನಾನು ಬೆಳಗಿನ ಜಾವದ ಅಭ್ಯಾಸದಿಂದ ತುಂಬಿಕೊಳ್ಳುತ್ತೇನೆ. ಹಾಲು ಉತ್ಪತ್ತಿ ಮಾಡಿಸುವ ಪ್ರೊಲ್ಯಾಕ್ಟಿನ್ ರಾತ್ರಿ ಹೆಚ್ಚಿರುವುದರಿಂದ ನಸುಕಿನಲ್ಲಿ ಎದೆ ತುಂಬಿರುತ್ತದೆ. ಮಗು ಒಂದು ಕಡೆ ಕುಡಿಯುತ್ತಿರುವಾಗ ಇನ್ನೊಂದು ಕಡೆಗೆ ಕೈಪಂಪ್ ಹಿಡಿದರೆ, ಮಗುವಿನ ಚೀಪುವಿಕೆಗೇ ಎರಡೂ ಕಡೆ ಹಾಲು ಇಳಿದು ಬಾಟಲಿ ಬೇಗ ತುಂಬುತ್ತದೆ. ಮಗ್ಗುಲಲ್ಲಿ ಮಗುವಿಟ್ಟುಕೊಂಡು ಒಂದೇ ಕೈಯಲ್ಲಿ ಮಾಡಬಹುದಾದ ಈ ಕೆಲಸವನ್ನು ನಳಿಕೆ, ತಂತಿಗಳ ಯಂತ್ರದೊಂದಿಗೆ ಮಾಡಲು ನನಗೆ ಆಗಲಿಲ್ಲ. ಕಚೇರಿಯಲ್ಲಿ ಕೊನೆಯ ಒಂದೆರಡು ನಿಮಿಷ ಬರಿಗೈಯಿಂದ ಹಿಂಡಿದರೆ ಪಂಪ್ ಬಿಟ್ಟ ಹಾಲೂ ಬರುತ್ತದೆ.

ತೆಗೆದ ಹಾಲನ್ನು ಮನೆಗೆ ತರುವ ಮಾತು ಮೂರು ವಿಧಾನಗಳಿಗೂ ಒಂದೇ. 25 ಡಿಗ್ರಿಯೊಳಗಿನ ಕೋಣೆಯಲ್ಲಿ ಹಾಲು 4 ಗಂಟೆ, ಫ್ರಿಜ್ಜಿನಲ್ಲಿ 4 ದಿನ ಇರುತ್ತದೆ. ಬೇಸಿಗೆಯ ಮಂಡ್ಯದಲ್ಲಿ ಆ ಕೋಣೆಯ ಲೆಕ್ಕವನ್ನು ನಂಬುವಂತಿಲ್ಲ. ಮುಚ್ಚಳ ಬಿಗಿಯಾದ ಸ್ಟೀಲ್ ಡಬ್ಬಿಯಲ್ಲಿ ಹಾಕಿ, ಗಟ್ಟಿಯಾಗಿ ಹೆಪ್ಪುಗಟ್ಟಿದ ಐಸ್ ಪ್ಯಾಕ್ ಇಟ್ಟ ಚೀಲದಲ್ಲಿ ತರುತ್ತೇನೆ. ಮನೆಯಲ್ಲಿ ಫ್ರಿಜ್ಜಿನ ಬಾಗಿಲಿನಲ್ಲಿಡದೆ ಒಳಭಾಗದಲ್ಲಿ ಇಡುತ್ತೇವೆ. ಕುಡಿಸುವಾಗ ಒಲೆಯ ಮೇಲೆ ಕಾಯಿಸುವುದಿಲ್ಲ, ಬಿಸಿನೀರಿನ ಬಟ್ಟಲಲ್ಲಿ ಡಬ್ಬಿ ಇಟ್ಟು ಬೆಚ್ಚಗೆ ಮಾಡಿಕೊಳ್ಳುತ್ತೇವೆ. ಮಗು ಬಿಟ್ಟ ಹಾಲನ್ನು ಎರಡು ಗಂಟೆಯೊಳಗೆ ಬಳಸದಿದ್ದರೆ ಚೆಲ್ಲಬೇಕು.

ಪಂಪ್‌ಗಳ ಜೊತೆ ಬಂದ ಹಾಲುಣಿಸುವ ಬಾಟಲಿಗಳು ನಮ್ಮಲ್ಲಿ ಬರೀ ಹಾಲು ತುಂಬುವ ಪಾತ್ರೆಗಳಾಗಿವೆ. “ಒಳಲೆ ಇರುವಾಗ ಬಾಟಲಿ ಯಾಕಮ್ಮ?” ಎಂದು ಅತ್ತೆ ಮೊದಲ ದಿನವೇ ಕೇಳಿದರು. ಒಳಲೆ ಎಂದರೆ ಮಗುವಿಗೆ ಹಾಲು ಕುಡಿಸುವ, ಮೂತಿಯಿರುವ ಪುಟ್ಟ ಬಟ್ಟಲು. ಅದನ್ನು ಕುದಿಸಿ ಶುದ್ಧ ಮಾಡುವುದು ಸುಲಭ, ಮೂಲೆಗಳಿಲ್ಲ, ರಬ್ಬರಿಲ್ಲ. ಮಗುವನ್ನು ಸ್ವಲ್ಪ ಎತ್ತಿ ಕೂರಿಸಿಕೊಂಡು, ತುಟಿಗೆ ತಾಗಿಸಿ, ಅದು ನುಂಗಿದಷ್ಟೇ ಬಿಡಬೇಕು. ಮಲಗಿಸಿ ಬಾಯಿಗೆ ಸುರಿಯಬಾರದು. ಸಂಜೆ ನಾನು ಬಂದಾಗ ಮಗು ಎದೆಗೆ ಹಿಂದಿನಂತೆಯೇ ಬಾಯಿ ಹಾಕುತ್ತದೆ. ಇದರಲ್ಲಿ ಒಳಲೆಯ ಪಾಲು ದೊಡ್ಡದು.

ವಿದ್ಯುತ್ ಪಂಪನ್ನು ಎಲ್ಲರೂ ಬಿಡಬೇಕೆಂದು ನಾನು ಹೇಳುವುದಿಲ್ಲ. ಅವಧಿಗೆ ಮುನ್ನ ಹುಟ್ಟಿ, ನವಜಾತ ಶಿಶುಗಳ ತೀವ್ರ ನಿಗಾ ಘಟಕವಾದ ಎನ್‌ಐಸಿಯುನಲ್ಲಿರುವ ಮಗುವಿನ ತಾಯಿ, ಅವಳಿ ಮಕ್ಕಳ ತಾಯಿ, ಮಗು ಎದೆಗೆ ಹತ್ತದೆ ಹಗಲು ರಾತ್ರಿ ಪಂಪಿನಿಂದಲೇ ಹಾಲು ತೆಗೆಯಬೇಕಾದ ತಾಯಿ, ಇವರಿಗೆ ಎರಡೂ ಕಡೆ ಒಟ್ಟಿಗೆ ತೆಗೆಯುವ ಯಂತ್ರವೇ ಬೇಕು. ಬೆಂಗಳೂರಿನಂಥ ಊರಿನಲ್ಲಿ ಆಸ್ಪತ್ರೆ ದರ್ಜೆಯ ಪಂಪ್ ಬಾಡಿಗೆಗೆ ಸಿಗುತ್ತದೆ. ಹಾಲು ತಾಗುವ ಭಾಗಗಳ ಕಿಟ್ ಮಾತ್ರ ಪ್ರತಿ ತಾಯಿಯೂ ಹೊಸದಾಗಿ ಕೊಳ್ಳಬೇಕು. ಮನೆಬಳಕೆಯ ಪಂಪನ್ನು ಇನ್ನೊಬ್ಬರಿಂದ ಹಳೆಯದಾಗಿ ಕೊಳ್ಳುವುದು ಬೇಡ, ಏಕೆಂದರೆ ಹಲವು ಮಾದರಿಗಳಲ್ಲಿ ಹಾಲಿನ ಹನಿ ಮೋಟಾರಿನವರೆಗೆ ಹೋಗಿರಬಹುದು, ಅಲ್ಲಿ ತೊಳೆಯಲಾಗುವುದಿಲ್ಲ.

ನನ್ನಂತೆ ಹಗಲಿನಲ್ಲಿ ಒಂದೆರಡು ಸಲ ಮಾತ್ರ ಹಾಲು ತೆಗೆಯುವವರು, ಬೆಳಿಗ್ಗೆ ಸಂಜೆ ಮಗುವಿಗೆ ಎದೆಯಲ್ಲೇ ಕುಡಿಸುವವರು ಕೈಪಂಪ್ ಕೊಳ್ಳಲಿ. ಯಂತ್ರಕ್ಕೆಂದು ಎತ್ತಿಟ್ಟ ಹಣದಲ್ಲಿ ಎರಡು ಹೆಚ್ಚುವರಿ ವಾಲ್ವ್, ಐಸ್ ಪ್ಯಾಕ್ ಇಡುವ ಚೀಲ, ನಾಲ್ಕು ಸಣ್ಣ ಸ್ಟೀಲ್ ಡಬ್ಬಿಗಳು, ಒಂದು ಒಳಲೆ ಬಂದು ಇನ್ನೂ ದೊಡ್ಡ ಮೊತ್ತ ಉಳಿಯುತ್ತದೆ. ಕೆಲಸಕ್ಕೆ ಮರಳುವ ಎರಡು ವಾರ ಮೊದಲೇ ದಿನಕ್ಕೊಮ್ಮೆ ಪಂಪ್ ಹಿಡಿಯಲು ಆರಂಭಿಸಿ, ಮಗುವಿಗೆ ಒಳಲೆಯನ್ನು ಮನೆಯವರ ಕೈಯಿಂದಲೇ ರೂಢಿ ಮಾಡಿಸಿ.